ಜಪ್ತಿಯಾದ ಮೇಲೆ ಉಳಿದದ್ದು ಒಂದು ಕನ್ನಡಿ: ಫ್ರಾನ್ಸಿಸ್ ಹಾರ್ಪರ್ ನಮಗೆ ಯಾಕೆ ಗೊತ್ತಿಲ್ಲ?

ಫಿಲಡೆಲ್ಫಿಯಾ_ಅಮ್ಮ:
ಅಮೆರಿಕದ ಹೆಂಗಸರಿಗೆ ಓಟಿನ ಹಕ್ಕು ಹೇಗೆ ಸಿಕ್ಕಿತು ಅಂತ ಮಗಳಿಗೆ ಶಾಲೆಯಲ್ಲಿ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಕ್ಲಾಸಿನಲ್ಲಿ ಹೆಚ್ಚುಕಡಿಮೆ ಎಲ್ಲರೂ ಆರಿಸಿಕೊಂಡದ್ದು ಸೂಸನ್ ಆಂಥೋನಿ ಇಲ್ಲವೇ ಎಲಿಜಬೆತ್ ಸ್ಟಾಂಟನ್. ನಾವಿರುವ ಇದೇ ಫಿಲಡೆಲ್ಫಿಯಾದ ಬೇನ್‌ಬ್ರಿಜ್ ರಸ್ತೆಯಲ್ಲಿ ಬಾಳಿದ ಫ್ರಾನ್ಸಿಸ್ ಹಾರ್ಪರ್ ಹೆಸರು ತೆಗೆದವಳು ಇವಳೊಬ್ಬಳೇ.

ಹಾರ್ಪರ್ ಕಪ್ಪು ಜನಾಂಗದ ಕವಿ. ಗುಲಾಮಗಿರಿ ವಿರುದ್ಧ ಊರೂರು ಸುತ್ತಿ ಭಾಷಣ ಮಾಡಿದವರು. 1866ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಮಹಿಳಾ ಹಕ್ಕುಗಳ ಸಮಾವೇಶದಲ್ಲಿ ತಮ್ಮ ಮನೆಯ ಕಥೆಯನ್ನೇ ಹೇಳಿದರು. ಗಂಡ ಸಾಲ ಬಿಟ್ಟು ತೀರಿಕೊಂಡ. ಮೂರು ತಿಂಗಳೂ ಕಳೆದಿರಲಿಲ್ಲ, ಆಸ್ತಿ ವಿಲೇವಾರಿಗೆ ನೇಮಕವಾದ ಅಧಿಕಾರಿ ಹಾಲಿನ ಗಡಿಗೆ, ಬಟ್ಟೆ ಒಗೆಯುವ ತೊಟ್ಟಿಯನ್ನೂ ಬಿಡದೆ ಜಪ್ತಿ ಮಾಡಿದ. ಬೆಣ್ಣೆ ತೆಗೆದು ಓಹಿಯೋ ರಾಜ್ಯದ ಕೊಲಂಬಸ್ ಪೇಟೆಗೆ ಮಾರುತ್ತಿದ್ದ ಹೆಂಗಸು, ಮನೆಯಲ್ಲಿ ನಾಲ್ಕು ಮಕ್ಕಳು. ಬಿಟ್ಟುಹೋದದ್ದು ಒಂದು ಕನ್ನಡಿ. ನನ್ನ ಬದಲು ಗಂಡ ಉಳಿದಿದ್ದರೆ ಅವನ ಹಾಸಿಗೆಯನ್ನು ಯಾರೂ ಮಾರುತ್ತಿರಲಿಲ್ಲ ಎಂದರು. ಇದನ್ನು ಓದಿದ ಮಗಳು ಅಡುಗೆಮನೆಗೆ ಬಂದು, "ಗಡಿಗೆ ತಗೊಂಡು ಹೋದ್ರೆ ಬೆಣ್ಣೆ ಹೇಗಮ್ಮಾ ಮಾಡೋದು?" ಅಂತ ಕೇಳಿದಳು.

ಮಂಡ್ಯ_ಗಿರಿ:
ಒಳ್ಳೆ ವಿಷಯ ಮೇಡಂ. ಆದರೆ ಆಂಥೋನಿ, ಸ್ಟಾಂಟನ್ ಅವರನ್ನು ಪಕ್ಕಕ್ಕೆ ಸರಿಸುವುದು ಬೇಡ. ಗುಲಾಮಗಿರಿ ರದ್ದಾಗಲಿ ಅಂತ ಅಮೆರಿಕದ ಅಂತರ್ಯುದ್ಧದ ನಡುವೆ ಸುಮಾರು 4 ಲಕ್ಷ ಸಹಿ ಸೇರಿಸಿದ್ದು ಅವರ ಸಂಘವೇ. 1872ರಲ್ಲಿ ಓಟು ಹಾಕಿದ್ದಕ್ಕೆ ಆಂಥೋನಿ ಅರೆಸ್ಟ್ ಆದರು. 100 ಡಾಲರ್ ದಂಡ ಬಿತ್ತು, ಕೊನೆವರೆಗೂ ಕಟ್ಟಲಿಲ್ಲ. ಇನ್ನು ಅಮೆರಿಕ ಸಂವಿಧಾನದ 15ನೇ ತಿದ್ದುಪಡಿ ನೋಡಿ. ಜನಾಂಗದ ಕಾರಣಕ್ಕೆ ಓಟು ತಪ್ಪಿಸಬಾರದು ಅಂತಿತ್ತು, ಹೆಂಗಸರ ಮಾತೇ ಇರಲಿಲ್ಲ. 1869ರಲ್ಲಿ ಹಾರ್ಪರ್ ಅದರ ಪರ ನಿಂತರು. ಹೆಂಗಸಾಗಿ ಹೆಂಗಸರಿಗೆ ಕಾಯಿರಿ ಅಂದದ್ದು ಸರಿಯಾ?

ಶಿರಸಿ_ಓದುಗಿ:
ಗಿರಿ ಅವರೇ, ಆ ಹೊತ್ತು ಎಂಥದ್ದು ನೋಡಿ. ಹಾರ್ಪರ್ ನ್ಯೂಯಾರ್ಕಿನಲ್ಲಿ ಮಾತಾಡಿದ್ದು 1866ರ ಮೇ 10ಕ್ಕೆ. ಅದೇ ತಿಂಗಳ ಮೊದಲ ಮೂರು ದಿನದಲ್ಲಿ ಮೆಂಫಿಸ್‌ನಲ್ಲಿ ಬಿಳಿಯರ ಗುಂಪು 46 ಕಪ್ಪು ಜನರನ್ನು ಕೊಂದಿತ್ತು. ಅವರಿಗೆ ಓಟು ಅಂದರೆ ಜೀವದ ಪ್ರಶ್ನೆ. ನೀವು ಹೇಳಿದ 1869ರಲ್ಲೇ ಸ್ಟಾಂಟನ್ ಕಪ್ಪು ಗಂಡಸರನ್ನೂ ವಲಸೆ ಬಂದವರನ್ನೂ ಅಕ್ಷರ ಬಾರದವರು ಅಂತ ಹೀಯಾಳಿಸಿ ಮಾತಾಡಿದರು. ನಾನು ಹಾರ್ಪರ್ ಜಾಗದಲ್ಲಿದ್ದರೆ ನನಗೂ ಆ ಕಡೆ ನಿಲ್ಲಲು ಆಗುತ್ತಿರಲಿಲ್ಲ. ಹಾಗಂತ ಹೆಂಗಸರ ಓಟಿನ ಕೆಲಸವನ್ನು ಅವರು ಕೈಬಿಡಲೂ ಇಲ್ಲ.

ಮಂಡ್ಯ_ಗಿರಿ:
ಆ ಮಾತುಗಳನ್ನು ನಾನು ಸಮರ್ಥಿಸಲ್ಲ. ಮೆಂಫಿಸ್ ವಿಷಯ ನನಗೆ ಹೊಳೆದಿರಲಿಲ್ಲ. ಆದರೂ ಕಾಲ ಎಷ್ಟೋ ಜನರನ್ನು ಮರೆಸುತ್ತದೆ. ಇದರಲ್ಲಿ ಯಾರದಾದರೂ ತಪ್ಪು ಅನ್ನಲು ಆಗುತ್ತಾ?

ಹಳೇ_ಕಡತ:
ಕಾಲದ ಮೇಲೆ ಹೊರಿಸಿದರೆ ಸಾಲದು ಸರ್. 1869ರಲ್ಲಿ ಚಳವಳಿ ಎರಡು ಹೋಳಾಯಿತು. ಹಾರ್ಪರ್ 15ನೇ ತಿದ್ದುಪಡಿಯನ್ನು ಒಪ್ಪಿದ ಲೂಸಿ ಸ್ಟೋನ್ ಕಡೆ ಹೋದರು. 1881ರಿಂದ ಚಳವಳಿಯ ದಪ್ಪ ದಪ್ಪ ಸಂಪುಟಗಳನ್ನು ತಂದವರು ಮಾತ್ರ ಇನ್ನೊಂದು ಕಡೆಯ ಸ್ಟಾಂಟನ್, ಆಂಥೋನಿ ಮತ್ತು ಮಟಿಲ್ಡಾ ಗೇಜ್. ಸ್ಟೋನ್ ಬಣಕ್ಕೆ ಎರಡನೇ ಸಂಪುಟದಲ್ಲಿ ಒಂದು ಅಧ್ಯಾಯ ಸಿಕ್ಕಿತು. ಅದನ್ನೂ ಬರೆದದ್ದು ಸ್ಟಾಂಟನ್ ಮಗಳು. ಸ್ಟೋನ್ ತಮ್ಮ ಮಾಹಿತಿ ಕೊಡಲು ಒಪ್ಪಿರಲಿಲ್ಲ, ಅದನ್ನೂ ಹೇಳಬೇಕು. ಆಮೇಲೆ ಬರೆದವರು ಬಹಳ ಕಾಲ ಆ ಸಂಪುಟಗಳನ್ನೇ ನೆಚ್ಚಿಕೊಂಡರು.

ಶಿರಸಿ_ಓದುಗಿ:
ನೆನಪಿಟ್ಟುಕೊಂಡವರನ್ನೂ ಸರಿಯಾಗಿ ಇಟ್ಟುಕೊಳ್ಳಲಿಲ್ಲ. ಗುಲಾಮಗಿರಿಯಿಂದ ಹೊರಬಂದು ಹೆಂಗಸರ ಹಕ್ಕಿಗಾಗಿ ಮಾತಾಡಿದ ಸೋಜರ್ನರ್ ಟ್ರೂತ್ 1851ರಲ್ಲಿ ಓಹಿಯೋದ ಆಕ್ರನ್‌ನಲ್ಲಿ ಮಾಡಿದ ಭಾಷಣವನ್ನು, ಆ ಸಭೆಯ ಅಧ್ಯಕ್ಷೆಯಾಗಿದ್ದ ಫ್ರಾನ್ಸಿಸ್ ಗೇಜ್ 12 ವರ್ಷ ಬಿಟ್ಟು ದಕ್ಷಿಣದ ಗುಲಾಮರ ಆಡುಮಾತಿನಲ್ಲಿ ಬರೆದರು. ಟ್ರೂತ್ ಹುಟ್ಟಿದ್ದು ನ್ಯೂಯಾರ್ಕ್ ರಾಜ್ಯದಲ್ಲಿ, ಮೊದಲು ಕಲಿತದ್ದು ಡಚ್! "ನಾನು ಹೆಣ್ಣಲ್ಲವಾ" ಎನ್ನುವ ಪ್ರಸಿದ್ಧ ಮಾತು ಭಾಷಣವಾದ ತಿಂಗಳೊಳಗೆ ಅಚ್ಚಾದ ವರದಿಯಲ್ಲಿ ಇಲ್ಲವೇ ಇಲ್ಲ.

ಫಿಲಡೆಲ್ಫಿಯಾ_ಅಮ್ಮ:
ಇದನ್ನೆಲ್ಲ ಮಗಳಿಗೆ ಓದಿ ಹೇಳಿದೆ. ಗಿರಿ ಅವರೇ, ಆಂಥೋನಿ ದಂಡದ ಕಥೆಯೂ ಚಾರ್ಟಿನಲ್ಲಿ ಒಂದು ಮೂಲೆಗೆ ಬಂತು. ನಡುವೆ ಗಡಿಗೆ, ಕನ್ನಡಿ ಬರೆದಿದ್ದಾಳೆ. ಆಗ ಕೊಲಂಬಸ್ ಪೇಟೆಯಲ್ಲಿ ಬೆಣ್ಣೆ ಎಷ್ಟಕ್ಕೆ ಹೋಗುತ್ತಿತ್ತು ಅಂತ ಕೇಳುತ್ತಿದ್ದಾಳೆ. ಯಾರಿಗಾದರೂ ಗೊತ್ತಾ?