ಕಾರಿನ ಹಿಂದೆ ಮೂರು ಜನಕ್ಕೊಂದು ಗೂಡು: ಎಲ್ಲಿಂದ ಶುರು ಮಾಡೋದು?

ಪ್ರಶ್ನೆ – ಶಿಕ್ಷಕರು, ಮಧುಗಿರಿ

ಎಲ್ಲರಿಗೂ ನಮಸ್ಕಾರ. ಗುಂಪಿನಲ್ಲಿ ಟ್ರೇಲರ್ ಕಟ್ಟುವ ಅಣ್ಣ ಇದ್ದಾರಲ್ಲ, ಅವರಿಗೆ ಈ ಪ್ರಶ್ನೆ. ರಜೆ ಬಂದಾಗ ನಾನು, ನಮ್ಮ ಮನೆಯವರು, 8 ವರ್ಷದ ಮಗಳು ಸುತ್ತಾಡೋಕೆ ಕಾರಿನ ಹಿಂದೆ ಎಳೆದುಕೊಂಡು ಹೋಗುವಂಥ ಮಲಗುವ ಗಾಡಿ ಒಂದನ್ನ ಮಾಡಬೇಕು ಅಂತಿದ್ದೀನಿ. ಮರಗೆಲಸ ನಾನೇ ಮಾಡ್ಕೋತೀನಿ, ವೆಲ್ಡಿಂಗ್ ಮಾತ್ರ ಹೊರಗೆ. ನಕ್ಷೆ ಹಾಕಿದ್ದೂ ಆಯ್ತು: 10 ಅಡಿ ಉದ್ದ, 6 ಅಡಿ ಅಗಲ, ಒಳಗೆ ನಿಂತುಕೊಳ್ಳುವಷ್ಟು ಎತ್ತರ. ಮಂಚ, ಅಡುಗೆ ಕಟ್ಟೆ, ಮೂಲೆಯಲ್ಲಿ ಟಾಯ್ಲೆಟ್, 200 ಲೀಟರ್ ನೀರಿನ ಟ್ಯಾಂಕು, ಮನೆಯ ಇನ್ವರ್ಟರ್ ಮತ್ತು ಅದರ ಬ್ಯಾಟರಿ, ಮನೆ ಸಿಲಿಂಡರ್. ಗೋಡೆಗೆ 19 ಎಂಎಂ ಪ್ಲೈವುಡ್. ಕಾರು 1.2 ಲೀಟರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಎಷ್ಟು ಸಲ ಬರೆದು ಅಳಿಸಿದರೂ ಜಾಗ ಸಾಲ್ತಾ ಇಲ್ಲ. ಏನು ಬದಲಾಯಿಸಲಿ?

ಉತ್ತರ – ಟ್ರೇಲರ್ ಫ್ಯಾಬ್ರಿಕೇಟರ್, ತುಮಕೂರು

ಮೇಷ್ಟ್ರೇ, ಜಾಗದ ಲೆಕ್ಕ ಆಮೇಲೆ. ಮೊದಲು ತೂಕದ್ದು ಹಾಕಿ. ನೀರು 200 ಲೀಟರ್ ಅಂದ್ರೆ 200 ಕೆಜಿ. ತುಂಬಿದ ಮನೆ ಸಿಲಿಂಡರ್ ಹತ್ತಿರ ಹತ್ತಿರ 30. ದೊಡ್ಡ ಟ್ಯೂಬುಲರ್ ಬ್ಯಾಟರಿ, ಇನ್ವರ್ಟರ್ ಸೇರಿ 70. ಒಂದು ತುಂಡು ಕಬ್ಬಿಣ ಕೊಯ್ಯುವ ಮೊದಲೇ 300 ಕೆಜಿ ಆಯ್ತು. 19 ಎಂಎಂ ಪ್ಲೈವುಡ್ 8 ಅಡಿ 4 ಅಡಿಯ ಒಂದೇ ಶೀಟು 35 ಕೆಜಿ ಮೇಲೆ ತೂಗುತ್ತೆ, ನಿಮ್ಮ ನಕ್ಷೆಗೆ ಅಂಥವು ಹತ್ತಕ್ಕೂ ಮೀರಿ ಬೇಕು. ನಿಮ್ಮ ಕಾರು ಅದನ್ನ ಸಮತಟ್ಟಲ್ಲಿ ಹೇಗೋ ಎಳೆಯಬಹುದು. ದೇವರಾಯನದುರ್ಗ ಬೆಟ್ಟದ ತಿರುವಿನಲ್ಲಿ ಇಳಿಯುವಾಗ ಅದು ಕಾರನ್ನ ತಳ್ಳುತ್ತೆ. ನನ್ನ ಭಯ ಇರೋದು ಇಳಿಜಾರಿನದ್ದು.

ಅದಕ್ಕೇ ನಾನು ಹೇಳೋದು: 8 ಅಡಿ ಉದ್ದ, ಒಳಗಡೆ 5 ಅಡಿ ಅಗಲ, 4 ಅಡಿ ಎತ್ತರ. ಒಳಗೆ ಹಾಸಿಗೆ ಬಿಟ್ಟು ಬೇರೇನೂ ಬೇಡ. ನಿಂತುಕೊಳ್ಳೋಕೆ ಆಕಾಶ ಇದೆ. ಅಡುಗೆ ಹಿಂಬದಿಯಲ್ಲಿ, ಮೇಲಕ್ಕೆತ್ತುವ ಬಾಗಿಲಿನ ಕೆಳಗೆ. ನೀವು ಹೊರಗೆ ನಿಂತು ಕಾಫಿ ಕಾಯಿಸ್ತೀರಿ, ಎತ್ತಿದ ಬಾಗಿಲೇ ನಿಮಗೆ ಸೂರು. ಲೆಕ್ಕ ನೋಡಿ: 8 ಅಡಿ ಅಂದ್ರೆ 96 ಇಂಚು. ಹಾಸಿಗೆಗೆ 75, ಉಳಿದ 21 ಇಂಚು ಅಡುಗೆಗೆ. ಮಗಳಿಗೆ ನಿಮ್ಮ ಕಾಲಿನ ಮೇಲ್ಭಾಗದಲ್ಲಿ ಅಡ್ಡಡ್ಡ 5 ಅಡಿ ಉದ್ದ, 2 ಅಡಿ ಅಗಲದ ಅಟ್ಟ. 4 ಇಂಚಿನ ಹಾಸಿಗೆಯಿಂದ 20 ಇಂಚು ಮೇಲಕ್ಕೆ ಅಟ್ಟ ಕೂರಿಸಿದರೆ ಅವಳ ಮೇಲೆ 23 ಇಂಚು ಉಳಿಯುತ್ತೆ. ಎದ್ದು ಕೂರೋಕೆ ಆಗಲ್ಲ, ಮಲಗೋಕೆ ಧಾರಾಳ. ಮಕ್ಕಳಿಗೆ ಅಂಥ ಗೂಡೇ ಇಷ್ಟ.

ಗೋಡೆಗೆ 9 ಎಂಎಂ, ನೆಲಕ್ಕೆ 12, ಸೂರಿಗೆ 6 ಎಂಎಂ ಪ್ಲೈ ಸಾಕು. ಮೇಲೆ ತೆಳು ಅಲ್ಯೂಮಿನಿಯಂ ಶೀಟು. ಪ್ಲೈ 4 ಅಡಿ ಅಗಲ ಬರುತ್ತೆ, ನೆಲ 5 ಅಡಿ ಇದೆ. ಆ ಸೇರುವ ಗೆರೆ ಕಬ್ಬಿಣದ ಪೈಪಿನ ಮೇಲೇ ಬೀಳುವ ಹಾಗೆ ಷಾಸಿ, ಅಂದ್ರೆ ಅಡಿಯ ಚೌಕಟ್ಟು, ಮಾಡಿಸಿ. ಷಾಸಿಗೆ 50 ಎಂಎಂ ಚೌಕದ 3 ಎಂಎಂ ಪೈಪು ಹಾಕಿ, ಮೀಟರಿಗೆ ನಾಲ್ಕೂ ಕಾಲು ಕೆಜಿ ಬರುತ್ತೆ. ನನ್ನ ಅಂದಾಜಿನಲ್ಲಿ ಹಾಸಿಗೆ, 40 ಲೀಟರ್ ನೀರು, ಪಾತ್ರೆ ಎಲ್ಲ ಸೇರಿ ಒಟ್ಟು 400 ಕೆಜಿ ಒಳಗೆ ನಿಲ್ಲುತ್ತೆ. ಆದರೂ ಕಾರಿನ ಪುಸ್ತಕದಲ್ಲಿ ಎಷ್ಟು ಎಳೆಯಬಹುದು ಅಂತ ಬರೆದಿದೆಯೋ ಅದನ್ನ ಮೊದಲು ನೋಡಿ. ಎಳೆಯಬೇಡಿ ಅಂತ ಬರೆದಿದ್ದರೆ ಅಲ್ಲಿಗೆ ನಿಲ್ಲಿಸಿ.

ಇನ್ನು ಅಚ್ಚು, ಅಂದ್ರೆ ಎರಡು ಚಕ್ರ ಸೇರಿಸುವ ಆಕ್ಸಲ್, ಎಲ್ಲಿ ಕೂರಬೇಕು ಅನ್ನೋದು. ಎತ್ತಿನ ಗಾಡಿಗೆ ಹೊರೆ ಹೇರುವವರನ್ನ ನೋಡಿದ್ದೀರಲ್ಲ? ಹಿಂಭಾರ ಆದರೆ ಮೂಕಿ (ಗಾಡಿಯಿಂದ ನೊಗದ ತನಕ ಮುಂದಕ್ಕೆ ಚಾಚಿದ ಮರ) ಎದ್ದು ಎತ್ತಿನ ಕೊರಳಿನ ಕಣ್ಣಿ ಬಿಗಿಯುತ್ತೆ, ಮುಂಭಾರ ಆದರೆ ಹೆಗಲು ಹುಣ್ಣಾಗುತ್ತೆ. ಶಿವರಾತ್ರಿಗೆ ಸಿದ್ಧಗಂಗೆ ದನದ ಜಾತ್ರೆಗೆ ಕಮಾನು ಗಾಡಿಯಲ್ಲಿ ಬಂದು, ಗಾಡಿಯಲ್ಲೇ ಮಲಗಿ, ಪಕ್ಕದಲ್ಲೇ ಮೂರು ಕಲ್ಲು ಹೂಡಿ ಅನ್ನ ಮಾಡ್ಕೊಂಡು ಇರುತ್ತಿದ್ದ ನಮ್ಮ ತಾತ ಇದನ್ನ ಮೂಕಿಗೆ ಹೆಗಲು ಕೊಟ್ಟೇ ತಿಳಿಯುತ್ತಿದ್ದರು. ಟ್ರೇಲರಿಗೂ ಅದೇ. ಒಟ್ಟು ತೂಕದಲ್ಲಿ 100ಕ್ಕೆ 10ರಿಂದ 15 ಪಾಲು ಮೂಕಿಯ ತುದಿಯಲ್ಲಿ, ಅಂದ್ರೆ ಕಾರಿನ ಕೊಂಡಿಯ ಮೇಲೆ ಕೂರಬೇಕು. 400 ಕೆಜಿಗೆ 40ರಿಂದ 60. ಹಿಂದೆ ಅಡುಗೆ ಇರೋದರಿಂದ ಅಚ್ಚನ್ನ ನಡುಮಧ್ಯೆ ಇಟ್ಟರೆ ಕೆಟ್ಟಿತು. ಮಲಗುವ ಪೆಟ್ಟಿಗೆಯ ಮುಂದಿನ ಅಂಚಿನಿಂದ 56–58 ಇಂಚಿನ ಹತ್ತಿರ ಇಡಿ. ನೀರು, ಬ್ಯಾಟರಿ ಎರಡೂ ಅಚ್ಚಿಗಿಂತ ಮುಂದೆ, ಮೂಕಿಯ ಮೇಲಿನ ಪೆಟ್ಟಿಗೆಯಲ್ಲಿರಲಿ.

ಇದನ್ನ ಕಲಿತದ್ದು ನನ್ನ ತಪ್ಪಿನಿಂದಲೇ. ಮೊದಲನೇ ಗಾಡಿಗೆ ಅಚ್ಚನ್ನ ಸರಿಯಾಗಿ ಮಧ್ಯಕ್ಕೆ ಇಟ್ಟಿದ್ದೆ, ನೋಡೋಕೆ ಚೆಂದ ಕಾಣಲಿ ಅಂತ. ಹಿಂದೆ ನೀರಿನ ಡ್ರಮ್ಮು. ದಾಬಸ್‌ಪೇಟೆ ದಾಟಿ ವೇಗ 70ಕ್ಕೆ ಬಂದದ್ದೇ, ಪಕ್ಕದಲ್ಲಿ ಬಸ್ಸೊಂದು ಹಾದುಹೋಯ್ತು. ಗಾಡಿ ಹಾವಿನ ಹಾಗೆ ಆಡೋಕೆ ಶುರು, ಪ್ರತಿ ಬಳುಕಿಗೂ ಹಿಂದಿನದಕ್ಕಿಂತ ದೊಡ್ಡ ಬಳುಕು. ಆಗ ಮಾಡಬೇಕಾದದ್ದು ಇಷ್ಟೇ: ಸ್ಟೀರಿಂಗ್ ನೇರ ಹಿಡಿದು ಆಕ್ಸಿಲರೇಟರ್‌ನಿಂದ ಕಾಲು ತೆಗೆಯೋದು. ಬ್ರೇಕ್ ಜೋರಾಗಿ ಒತ್ತಿದ್ದರೆ ಇವತ್ತು ಈ ಉತ್ತರ ಬರೆಯೋಕೆ ನಾನು ಇರ್ತಿರಲಿಲ್ಲ.

ಶಿರಾದ ಸದಸ್ಯೆ

ಅಣ್ಣ, ಮಳೆ ಬಂದರೆ ಹೊರಗೆ ಅಡುಗೆ ಹೇಗೆ? ಒಳಗೇ ಸಣ್ಣ ಒಲೆ ಇಟ್ಕೊಳ್ಳೋ ಹಾಗಿದ್ದರೆ ಅನುಕೂಲ ಅಲ್ವಾ?

ಉತ್ತರ – ಫ್ಯಾಬ್ರಿಕೇಟರ್

ಬೇಡ ಅಕ್ಕ. ಎತ್ತಿದ ಬಾಗಿಲಿಗೆ ಟಾರ್ಪಾಲು ಸೇರಿಸಿ ಎರಡು ಗೂಟ ಹೊಡೆದರೆ ಮಳೆಗೆ ಸಾಕು. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲಕ್ಕೆ ಇಳಿದು ನಿಲ್ಲುತ್ತೆ, ಈ ಗಾಡಿಯಲ್ಲಿ ನೆಲ ಅಂದರೆ ನೀವು ಮಲಗುವ ಜಾಗವೇ. ಸಿಲಿಂಡರ್ 5 ಕೆಜಿಯದ್ದು ಸಾಕು, ಅದರ ಗೂಡಿನ ತಳದಲ್ಲಿ ಹೊರಕ್ಕೆ ತೂತು ಇರಲಿ. ಅಡುಗೆ ಭಾಗಕ್ಕೂ ಮಲಗುವ ಭಾಗಕ್ಕೂ ಮಧ್ಯೆ ಒಂದು ಸೀಳೂ ಇಲ್ಲದ ಗೋಡೆ ಬೇಕು. ಚಳಿಗೆ ಅಂತ ಕೆಂಡದ ಬಟ್ಟಲು ಒಳಗಿಡೋದಂತೂ ಬೇಡವೇ ಬೇಡ, ಅದರ ವಿಷಾನಿಲಕ್ಕೆ ವಾಸನೆ ಇಲ್ಲ.

ಚಿಕ್ಕಬಳ್ಳಾಪುರದ ಸದಸ್ಯ

ನಮ್ಮ ಕಡೆ ನಂದಿಬೆಟ್ಟದ ಸುತ್ತ ಡಿಸೆಂಬರ್ ಚಳಿ ಹೇಗಿರುತ್ತೆ ಗೊತ್ತಲ್ಲ. ಗೆಳೆಯನ ಗಾಡಿಯಲ್ಲಿ ಕಿಟಕಿ ಮುಚ್ಚಿ ಮಲಗಿದ್ವಿ, ಬೆಳಿಗ್ಗೆ ಸೂರಿನಿಂದ ಹನಿ ಬೀಳ್ತಿತ್ತು, ಹಾಸಿಗೆಯ ಅಡಿ ಒದ್ದೆ. ಎಲ್ಲಿ ಸೋರ್ತಿದೆ ಅಂತ ಹುಡುಕಿ ಸಾಕಾಯ್ತು.

ಉತ್ತರ – ಫ್ಯಾಬ್ರಿಕೇಟರ್

ಅದು ಸೋರಿಕೆ ಅಲ್ಲ ಸಾರ್, ನಿಮ್ಮದೇ ಉಸಿರು. ಅಷ್ಟು ಸಣ್ಣ ಪೆಟ್ಟಿಗೆಯಲ್ಲಿ ಉಸಿರಿನ ತೇವ ತಣ್ಣನೆ ಲೋಹ ತಾಗಿ ನೀರಾಗುತ್ತೆ. ಚಳಿಯಲ್ಲೂ ಕೆಳಗೊಂದು ಗಾಳಿಗಂಡಿ, ಎದುರು ಬದಿಯಲ್ಲಿ ಮೇಲೊಂದು, ಎರಡೂ ಪೂರ್ತಿ ಮುಚ್ಚದ ಹಾಗೆ ಇರಬೇಕು. ಕಂಬಳಿ ಒಂದು ಜಾಸ್ತಿ ಹೊದ್ದುಕೊಳ್ಳಿ. ಹಾಸಿಗೆಯನ್ನ ನೇರ ಪ್ಲೈ ಮೇಲೆ ಹಾಕದೆ, ನಡುವೆ ಸಂದು ಬಿಟ್ಟ ಮರದ ಪಟ್ಟಿಗಳ ಮೇಲೆ ಹಾಕಿ. ನಮ್ಮ ತೆಂಗಿನ ಸೀಮೆಯವರು ಸ್ಪಂಜಿನ ಬದಲು ನಾರಿನ ಹಾಸಿಗೆ ತಗೊಳ್ಳಿ, ಬೇಗ ಒಣಗುತ್ತೆ.

ಕೋಲಾರದ ಸದಸ್ಯ

ಇಷ್ಟೆಲ್ಲ ತಲೆನೋವು ಯಾಕ್ರೀ? ಹಳೇ ಓಮ್ನಿ ತಗೊಂಡು ಹಿಂದಿನ ಸೀಟು ಕಿತ್ತು ಹಾಸಿಗೆ ಹಾಕಿದ್ರೆ ಮುಗೀತು.

ಉತ್ತರ – ಫ್ಯಾಬ್ರಿಕೇಟರ್

ವರ್ಷಕ್ಕೆ ನಾಲ್ಕೇ ರಾತ್ರಿ ಹೋಗೋದಾದರೆ ನೀವು ಹೇಳಿದ್ದೇ ಸರಿ, ನನ್ನ ವ್ಯಾಪಾರ ಹಾಳಾದರೂ ಒಪ್ಕೋತೀನಿ. ಸೀಟು ಕಿತ್ತು ಗಾಡಿಯ ರೂಪ ಬದಲಾಯಿಸೋಕೆ ಆರ್‌ಟಿಒ ಒಪ್ಪಿಗೆ ಬೇಕು. ಸೀಟಿನ ಮೇಲೆ ಹಲಗೆ ಮಡಚಿ ಬಿಡಿಸೋ ಹಾಗೆ ಮಾಡ್ಕೊಳ್ಳಿ.

ಕಾಗದದ ಮಾತು ಬಂತು, ಮೇಷ್ಟ್ರಿಗೂ ಹೇಳಿಬಿಡ್ತೀನಿ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಮೋಟಾರು ವಾಹನ ಅನ್ನೋ ಮಾತಿನೊಳಗೇ ಟ್ರೇಲರೂ ಸೇರಿದೆ. ಇಂಜಿನ್ ಇಲ್ಲ, ನಂಬರ್ ಬೇಡ ಅಂದುಕೊಳ್ಳಬೇಡಿ. ನೋಂದಣಿ ಇಲ್ಲದೆ ರಸ್ತೆಗೆ ಇಳಿಸೋ ಹಾಗಿಲ್ಲ. ಶೆಡ್ಡಿನಲ್ಲಿ ಬೆಸೆದ ಷಾಸಿಗೆ ನಂಬರ್ ಮಾಡಿಸೋದು ಸುಲಭದ ಕೆಲಸ ಅಲ್ಲ. ಕಾರಿನ ಹಿಂದೆ ಎಳೆಯೋಕೆ ಅನುಮೋದನೆ ಇರುವ ಷಾಸಿಯನ್ನ ಕಾಗದದ ಸಮೇತ ಕೊಂಡು, ಮೇಲಿನ ಪೆಟ್ಟಿಗೆ ಮಾತ್ರ ನೀವು ಕಟ್ಟೋದು ನೆಮ್ಮದಿ. ಕಬ್ಬಿಣಕ್ಕೆ ದುಡ್ಡು ಕೊಡುವ ಮೊದಲು ನಕ್ಷೆ ಹಿಡಿದು ನಿಮ್ಮ ಮಧುಗಿರಿ ಆರ್‌ಟಿಒ (ಕೆಎ 64) ಕಚೇರಿಗೆ ಹೋಗಿ ಕೇಳಿ, ವಿಮೆಯವರನ್ನೂ ಕೇಳಿ.

ಪ್ರಶ್ನೆ – ಶಿಕ್ಷಕರು

ಕೇಳ್ತೀನಿ ಅಣ್ಣ. ಫ್ಯಾನಿಗೆ ಇನ್ವರ್ಟರ್ ಬೇಡ್ವಾ? ಸ್ಪ್ರಿಂಗ್ ಟ್ರ್ಯಾಕ್ಟರ್ ಟ್ರೇಲರಿನದ್ದೇ ಸೆಕೆಂಡ್ ಹ್ಯಾಂಡ್ ಸಿಗ್ತಿದೆ, ಹಾಕಬಹುದಾ?

ಉತ್ತರ – ಫ್ಯಾಬ್ರಿಕೇಟರ್

ಆ ಸ್ಪ್ರಿಂಗ್ ಟನ್‌ಗಟ್ಟಲೆ ಹೊರೋಕೆ ಮಾಡಿದ್ದು. 400 ಕೆಜಿಗೆ ಅದು ಬಗ್ಗೋದೇ ಇಲ್ಲ, ಪ್ರತಿ ರಸ್ತೆಯುಬ್ಬಿಗೂ ಗಾಡಿ ಎಗರಿ ನಿಮ್ಮ ಪ್ಲೈ ಜೋಡಣೆ ಬಿಡಿಸುತ್ತೆ. ಹಗುರದ್ದನ್ನೇ ತಗೊಳ್ಳಿ.

ಇನ್ವರ್ಟರ್ ಬೇಡ. 12 ವೋಲ್ಟಿನ ಸಣ್ಣ ಫ್ಯಾನು 20 ವ್ಯಾಟ್ ಇರುತ್ತೆ, ರಾತ್ರಿ 8 ಗಂಟೆಗೆ 160 ವ್ಯಾಟ್-ಅವರ್. ದೀಪ, ಎರಡು ಫೋನು ಸೇರಿಸಿದರೆ 220. 12.8 ವೋಲ್ಟಿನ 50 ಎಎಚ್ (ಆಂಪಿಯರ್-ಅವರ್) ಲಿಥಿಯಂ ಫಾಸ್ಫೇಟ್ ಬ್ಯಾಟರಿಯಲ್ಲಿ 640 ವ್ಯಾಟ್-ಅವರ್ ಇದೆ, ಎರಡು ರಾತ್ರಿ ಧಾರಾಳ. ಪ್ಲಸ್ ವೈರಿಗೆ ಬ್ಯಾಟರಿ ಬುಡದಲ್ಲೇ ಫ್ಯೂಸ್ ಹಾಕಿ.

ಬಾಗಿಲು ಒಂದೇ ಇಡೋದಾದರೆ ಎಡಕ್ಕೆ ಇರಲಿ, ಇಳಿಯುವಾಗ ರಸ್ತೆಗೆ ಇಳಿಯಬಾರದು. ಕೊಂಡಿಯ ಜೊತೆ ಎರಡು ಸರಪಳಿ, ಮೂಕಿಯ ಅಡಿಯಲ್ಲಿ ಕತ್ತರಿ ಹಾಕಿದ ಹಾಗೆ.

ಕೊನೆಗೊಂದು ಕೆಲಸ, ಖರ್ಚಿಲ್ಲದ್ದು. ಇವತ್ತು ರಾತ್ರಿ ತಾರಸಿ ಮೇಲೆ ಸೀಮೆಸುಣ್ಣದಲ್ಲಿ 96ಕ್ಕೆ 60 ಇಂಚು ಗೆರೆ ಎಳೆಯಿರಿ. ನಾಲ್ಕು ಅಡಿ ಎತ್ತರಕ್ಕೆ ಹಗ್ಗ ಕಟ್ಟಿ ಹಳೇ ಸೀರೆ ಹೊದಿಸಿ. ಮೂವರೂ ಬೆಳಗಿನ ತನಕ ಗೆರೆ ದಾಟದೆ ಮಲಗಿ.

ಶಿಕ್ಷಕರು (ಮೂರು ದಿನದ ನಂತರ)

ಮಲಗಿದ್ವಿ ಅಣ್ಣ. ಅಟ್ಟದ ಬದಲಿಗೆ ಎರಡು ಬೆಂಚಿನ ಮೇಲೆ ಹಲಗೆ ಇಟ್ಟಿದ್ದೆ. ಮಗಳು ಇಳಿಯೋಕೇ ಒಪ್ಪಲಿಲ್ಲ. ಟಾಯ್ಲೆಟ್, ಕಪಾಟು ಎರಡನ್ನೂ ನಕ್ಷೆಯಿಂದ ತೆಗೆದೆ. ತೊಂದರೆ ಆಗಿದ್ದು ಒಂದೇ. ಬಾಗಿಲನ್ನ ಕಾಲಿನ ಕಡೆ ಬರೆದಿದ್ದೆ, ನಮ್ಮ ಮನೆಯವರು ರಾತ್ರಿ ಏಳುವಾಗಲೆಲ್ಲ ಅಟ್ಟಕ್ಕೆ ತಲೆ ಹೊಡೆಸಿಕೊಂಡರು.

ಉತ್ತರ – ಫ್ಯಾಬ್ರಿಕೇಟರ್

ಹಾಗಾದರೆ ಬಾಗಿಲನ್ನ ತಲೆದಿಂಬಿನ ಕಡೆಗೆ ತನ್ನಿ, ಎದ್ದು ಕೂತು ಕಾಲು ಹೊರಗೆ ಹಾಕೋ ಹಾಗೆ. ಅಗಲ 26 ಇಂಚು ಸಾಕು. ಅಮ್ಮಾವ್ರು ಬಲಕ್ಕೆ ಮಲಗಿದ್ದರೆ ಜಾಗ ಅದಲು ಬದಲು ಮಾಡಿಕೊಳ್ಳಿ, ಬಾಗಿಲು ಎಡಕ್ಕೇ ಇರಲಿ. ಪೆಟ್ಟಿಗೆ ಮುಗಿದ ದಿನ ಸಾಮಾನು, ನೀರು ತುಂಬಿಸಿ, ನೆಲ ಸಮ ಇರೋ ಕಡೆ ಕೊಬ್ಬರಿ ತೂಗುವ ತಕ್ಕಡಿಯನ್ನ ಮೂಕಿಯ ತುದಿಗೆ ಕೊಟ್ಟು ಎಷ್ಟು ತೋರಿಸುತ್ತೆ ಅಂತ ಇಲ್ಲಿ ಹಾಕಿ. 40ಕ್ಕಿಂತ ಕಡಿಮೆ ಬಂದರೆ ಕಾರಿಗೆ ಕಟ್ಟಬೇಡಿ, ಮೊದಲು ಫೋಟೋ ಕಳಿಸಿ.