ಬಿದರಿ ಹೂಜಿಯ ಬೆಳ್ಳಿ ಗೆರೆ ಉಳಿಸಲು ಯಾವ ಸಾಫ್ಟ್‌ವೇರ್?

ಪ್ರಶ್ನೆ (ಪ್ರೌಢಶಾಲಾ ಶಿಕ್ಷಕಿ, ಬೀದರ್):

ಸರ್, ಶರಣು. ನನ್ನ ಬಳಿ ಕ್ಯಾನನ್ 1500ಡಿ ಕ್ಯಾಮೆರಾ ಮತ್ತು 8 ಜಿಬಿ ರ್‍ಯಾಮ್ ಇರುವ ಹಳೆಯ ಲ್ಯಾಪ್‌ಟಾಪ್ ಇವೆ. ರಜೆಯ ದಿನಗಳಲ್ಲಿ ಅಷ್ಟೂರಿನ ಗುಮ್ಮಟಗಳು, ಗವಾನ್ ಮದರಸಾ, ಬಿದರಿ ಕೆಲಸದ ಪಾತ್ರೆಗಳ ಚಿತ್ರ ತೆಗೆಯುತ್ತೇನೆ. ಬಿದರಿಯ ಕಪ್ಪು ಬೂದಿ ಬಣ್ಣಕ್ಕೆ ತಿರುಗುತ್ತದೆ, ಬೆಳ್ಳಿಯ ಗೆರೆಗಳು ಬರೀ ಬಿಳಿ ಮಚ್ಚೆಗಳಾಗುತ್ತವೆ. ಎಲ್ಲರೂ ಚಿತ್ರ ತಿದ್ದುವ ಲೈಟ್‌ರೂಮ್ ಸಾಫ್ಟ್‌ವೇರ್ ಹಾಕಿಸಿ ಎನ್ನುತ್ತಾರೆ. ತಿಂಗಳು ತಿಂಗಳು ಹಣ ಕಟ್ಟುವುದು ನನಗೆ ಕಷ್ಟ. 300 ರೂಪಾಯಿಗೆ ಕ್ರ್ಯಾಕ್ ಮಾಡಿದ್ದನ್ನು (ಬೀಗ ಮುರಿದ ಕಳ್ಳ ಪ್ರತಿಯನ್ನು) ಹಾಕಿಕೊಡುತ್ತೇನೆ ಎಂದು ಒಬ್ಬರು ಹೇಳಿದ್ದಾರೆ. ಏನು ಮಾಡಲಿ?

ಉತ್ತರ (ಸ್ಟುಡಿಯೊ ಛಾಯಾಗ್ರಾಹಕ, ಕಲಬುರಗಿ):

ಶರಣು ಮೇಡಂ. ನೀವು ಹೇಳಿದ ತೊಂದರೆಯಲ್ಲಿ ಅರ್ಧ ಭಾಗ ಸಾಫ್ಟ್‌ವೇರಿನದೇ ಅಲ್ಲ. ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ತನ್ನೆದುರಿಗೆ ಏನೇ ಇಟ್ಟರೂ ಅದನ್ನು ನಡು ಬೂದು ಬಣ್ಣ ಎಂದೇ ಅಳೆಯುತ್ತದೆ. ಕಪ್ಪು ಹೂಜಿ ಇಟ್ಟರೆ ಬೆಳಕು ಕಡಿಮೆಯಾಯಿತೆಂದು ತಿಳಿದು ಏರಿಸುತ್ತದೆ. ಕಪ್ಪು ಬೂದಿಯಾಗುತ್ತದೆ, ಬೆಳ್ಳಿ ಉರಿದುಹೋಗುತ್ತದೆ. ಆದ್ದರಿಂದ ಎಕ್ಸ್‌ಪೋಷರ್ ಪರಿಹಾರವನ್ನು (ಚಿತ್ರವನ್ನು ತಿಳಿಯಾಗಿ ಅಥವಾ ಕತ್ತಲಾಗಿ ಮಾಡುವ ಎಕ್ಸ್‌ಪೋಷರ್ ಕಾಂಪನ್ಸೇಷನ್) ಮೈನಸ್ 1ಕ್ಕೆ ಇಟ್ಟು ತೆಗೆಯಿರಿ. ಉರಿದುಹೋದ ಬೆಳ್ಳಿ ಗೆರೆಯನ್ನು ಯಾವ ಸಾಫ್ಟ್‌ವೇರೂ ಮರಳಿ ತರಲಾರದು. ಕತ್ತಲಲ್ಲಿ ಅಡಗಿದ ವಿವರವನ್ನು ಮಾತ್ರ ಹೊರಗೆ ತರಬಹುದು.

ಅದಕ್ಕೂ ಒಂದು ಷರತ್ತು ಇದೆ. ಮೆನುವಿನಲ್ಲಿ ಚಿತ್ರದ ಗುಣಮಟ್ಟವನ್ನು ರಾ (ಕ್ಯಾಮೆರಾ ಕಂಡದ್ದನ್ನು ತಿದ್ದದೆ ಹಾಗೇ ಉಳಿಸುವ ಕಡತ) ಮತ್ತು ಜೆಪೆಗ್ ಎರಡೂ ಉಳಿಯುವಂತೆ ಬದಲಿಸಿ. ಜೆಪೆಗ್‌ನಲ್ಲಿ ಕೆಂಪು, ಹಸಿರು, ನೀಲಿ ಒಂದೊಂದಕ್ಕೆ ಹೊಳಪಿನ 256 ಮೆಟ್ಟಿಲುಗಳು ಮಾತ್ರ. ನಿಮ್ಮ ಕ್ಯಾಮೆರಾದ ರಾ ಕಡತ 14 ಬಿಟ್‌ನದು, ಅಂದರೆ 16,384 ಮೆಟ್ಟಿಲು. ಅಷ್ಟೂರಿನಲ್ಲಿ ಅಹ್ಮದ್ ಷಾನ ಗುಮ್ಮಟದ ಒಳಗೆ ಬಾಗಿಲಿನಿಂದ ಬೆಳಕು ನುಗ್ಗುತ್ತದೆ, ಗೋಡೆಯ ಬಣ್ಣದ ಚಿತ್ತಾರ ಮಾತ್ರ ಕತ್ತಲಲ್ಲಿರುತ್ತದೆ. ಅಲ್ಲಿ ಫ್ಲ್ಯಾಶ್ ಬೇಡ. ಆ ಬಣ್ಣಗಳು ಶತಮಾನಗಳಷ್ಟು ಹಳೆಯವು. ರಾದಲ್ಲಿ ತೆಗೆದಿದ್ದರೆ ಆ ಕತ್ತಲನ್ನು ಮನೆಯಲ್ಲಿ ಕುಳಿತು ನಿಧಾನವಾಗಿ ತಿಳಿಗೊಳಿಸಬಹುದು. ಜೆಪೆಗ್‌ನಲ್ಲಿ ಎಳೆದರೆ ಗೋಡೆಯ ತುಂಬ ಪಟ್ಟೆಗಳೂ ಮರಳಿನಂತಹ ಕಣಗಳೂ ಏಳುತ್ತವೆ.

ಈಗ ಸಾಫ್ಟ್‌ವೇರ್. ಕ್ಯಾನನ್ ಕಂಪನಿಯೇ ತನ್ನ ಕ್ಯಾಮೆರಾ ಕೊಂಡವರಿಗೆ ಡಿಜಿಟಲ್ ಫೋಟೊ ಪ್ರೊಫೆಷನಲ್ ಎಂಬುದನ್ನು ಉಚಿತವಾಗಿ ಕೊಡುತ್ತದೆ. ಡೌನ್‌ಲೋಡ್ ಮಾಡುವಾಗ ಕ್ಯಾಮೆರಾದ ತಳದಲ್ಲಿರುವ ಸೀರಿಯಲ್ ಸಂಖ್ಯೆ ಕೇಳಿದರೆ ಕೊಡಿ. ಅದರಿಂದಲೇ ಆರಂಭಿಸಿ. ವೈಟ್ ಬ್ಯಾಲೆನ್ಸ್ (ಬಿಳಿಯನ್ನು ಬಿಳಿಯಾಗಿಯೇ ತೋರಿಸುವುದು), ನೆರಳು, ಹೊಳಪು, ಲೆನ್ಸ್‌ನ ದೋಷ, ಇಷ್ಟನ್ನು ಅದು ಚೆನ್ನಾಗಿ ಸರಿಪಡಿಸುತ್ತದೆ, ಬಣ್ಣವೂ ಕ್ಯಾಮೆರಾದ ಪರದೆಯಲ್ಲಿ ಕಂಡಂತೆಯೇ ಬರುತ್ತದೆ. ನಿಕಾನ್ ಇರುವವರಿಗೆ ಎನ್‌ಎಕ್ಸ್ ಸ್ಟುಡಿಯೊ ಇದೆ, ಅದೂ ಉಚಿತ.

ಮದರಸಾದ ಮಿನಾರ್ ಹಿಂದಕ್ಕೆ ವಾಲಿದಂತೆ ಕಾಣುತ್ತದೆಯಲ್ಲ, ಅದನ್ನು ನೆಟ್ಟಗೆ ಮಾಡಲು ಡಾರ್ಕ್‌ಟೇಬಲ್ ಉತ್ತಮ. ಇದು ಮುಕ್ತ ತಂತ್ರಾಂಶ, ಹಣ ಕೊಡಬೇಕಿಲ್ಲ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಸ್ವಲ್ಪ ತಡವರಿಸಬಹುದು, ಆದರೆ ಓಡುತ್ತದೆ. ಮೊದಲ ವಾರ ಅದರ ತುಂಬ ಗುಂಡಿಗಳೇ ಕಂಡು ಗಾಬರಿಯಾಗುತ್ತದೆ. ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್, ವಾಲಿದ್ದನ್ನು ನೆಟ್ಟಗೆ ಮಾಡುವ ಪರ್ಸ್‌ಪೆಕ್ಟಿವ್, ಈ ಮೂರನ್ನು ಕಲಿತು ಉಳಿದವನ್ನು ಮುಟ್ಟದೆ ಇರಿ. ಅದು ನಿಮ್ಮ ಮೂಲ ಕಡತವನ್ನು ಬದಲಿಸುವುದಿಲ್ಲ; ಮಾಡಿದ ಕೆಲಸವನ್ನೆಲ್ಲ ಪಕ್ಕದಲ್ಲಿ ಎಕ್ಸ್‌ಎಂಪಿ ಎಂಬ ಸಣ್ಣ ಕಡತದಲ್ಲಿ ಬರೆದಿಡುತ್ತದೆ. ಪೆನ್‌ಡ್ರೈವ್‌ಗೆ ನಕಲು ಮಾಡುವಾಗ ಅದನ್ನೂ ಜೊತೆಗೆ ಒಯ್ಯಿರಿ.

ಲೈಟ್‌ರೂಮ್ ನಿಜಕ್ಕೂ ಒಳ್ಳೆಯದು, ನನ್ನ ಸ್ಟುಡಿಯೊದಲ್ಲಿ ಅದೇ ಇದೆ. ಒಂದು ಮದುವೆಯ 2,000 ಚಿತ್ರಗಳನ್ನು ಎರಡು ದಿನದಲ್ಲಿ ಮುಗಿಸಬೇಕಾದ ನನಗೆ ಆ ಬಾಡಿಗೆ ಗಿಟ್ಟುತ್ತದೆ. ತಿಂಗಳಿಗೆ 40 ಚಿತ್ರ ತಿದ್ದುವ ನಿಮಗೆ ಬೇಕಿಲ್ಲ.

ಕ್ರ್ಯಾಕ್ ಮಾತ್ರ ಬೇಡವೇ ಬೇಡ. ಹಲವು ವರ್ಷಗಳ ಹಿಂದೆ ನಾನೂ ಒಂದು ಅಂಗಡಿಯಲ್ಲಿ ಹಾಕಿಸಿಕೊಂಡೆ. ಅದರ ಜೊತೆ ಬಂದ ವೈರಸ್ ಡಿಸ್ಕಿನ ಕಡತಗಳಿಗೆಲ್ಲ ಬೀಗ ಹಾಕಿಬಿಟ್ಟಿತು. ಒಂದು ಮಗುವಿನ ತೊಟ್ಟಿಲ ಕಾರ್ಯಕ್ರಮದ ಚಿತ್ರಗಳು ಅದರಲ್ಲಿದ್ದವು, ಬೇರೆ ಪ್ರತಿ ಇರಲಿಲ್ಲ. ಆ ತಾಯಿಯ ಮುಂದೆ ನಿಂತು ಹೇಳಿದ ದಿನ ನನಗಿನ್ನೂ ನೆನಪಿದೆ.

ಪ್ರಶ್ನೆ (ಅದೇ ಶಿಕ್ಷಕಿ):

ಮುಂದೆ ಎಂದಾದರೂ ಲೈಟ್‌ರೂಮ್ ತೆಗೆದುಕೊಂಡು, ಹಣ ಕಟ್ಟುವುದು ನಿಲ್ಲಿಸಿದರೆ ನನ್ನ ಚಿತ್ರಗಳು ಏನಾಗುತ್ತವೆ ಸರ್?

ಉತ್ತರ:

ಚಿತ್ರಗಳು ನಿಮ್ಮ ಡಿಸ್ಕಿನಲ್ಲೇ ಇರುತ್ತವೆ. ಲೈಟ್‌ರೂಮ್ ಕ್ಲಾಸಿಕ್ ಎಂಬ ಕಂಪ್ಯೂಟರ್ ಆವೃತ್ತಿಯಲ್ಲಿ ಚಂದಾ ಮುಗಿದ ಮೇಲೂ ತೆರೆದು ನೋಡಬಹುದು, ಹೊರಗೆ ತೆಗೆದುಕೊಳ್ಳಬಹುದು, ಆದರೆ ತಿದ್ದುವ ವಿಭಾಗ ಮುಚ್ಚಿಹೋಗುತ್ತದೆ. ಒಮ್ಮೆ ಹಣ ಕೊಟ್ಟು ಶಾಶ್ವತವಾಗಿ ಇಟ್ಟುಕೊಳ್ಳುವ ಆವೃತ್ತಿ 2015ರ ಲೈಟ್‌ರೂಮ್ 6ಕ್ಕೇ ಕೊನೆಯಾಯಿತು. ತಿದ್ದಿ ಮುಗಿಸಿದ ಒಳ್ಳೆಯ ಚಿತ್ರಗಳನ್ನು ಆಗಿಂದಾಗ ಪೂರ್ಣ ಗಾತ್ರದ ಜೆಪೆಗ್ ಮಾಡಿ ಬೇರೆ ಡಿಸ್ಕಿನಲ್ಲಿಡುವ ರೂಢಿ ಮಾಡಿಕೊಳ್ಳಿ. ಯಾವ ಸಾಫ್ಟ್‌ವೇರ್ ಬಳಸಿದರೂ ಇದು ಬೇಕು.

ಪ್ರಶ್ನೆ (ಪದವಿ ವಿದ್ಯಾರ್ಥಿ, ಯಾದಗಿರಿ):

ಸರ್, ಯಾದಗಿರಿ ಕೋಟೆಯ ಚಿತ್ರವೊಂದನ್ನು ಡಾರ್ಕ್‌ಟೇಬಲ್‌ನಲ್ಲಿ ತಿದ್ದಿ ಪ್ರಿಂಟ್ ಹಾಕಿಸಿದೆ. ಪರದೆಯಲ್ಲಿ ಚೆನ್ನಾಗಿತ್ತು, ಕಾಗದದಲ್ಲಿ ಕಪ್ಪಾಗಿದೆ. ಸಾಫ್ಟ್‌ವೇರ್ ಬದಲಿಸಲೇ?

ಉತ್ತರ:

ಬೇಡ ತಮ್ಮಾ. ನಮ್ಮ ಬಿಸಿಲಿಗೆ ಕಿಟಕಿಯ ಪಕ್ಕ ಕುಳಿತು ಪರದೆಯ ಬೆಳಕನ್ನು ಪೂರ್ತಿ ಏರಿಸಿಕೊಂಡು ತಿದ್ದಿರುತ್ತೀಯ. ಆಗ ಚಿತ್ರ ಇರುವುದಕ್ಕಿಂತ ತಿಳಿಯಾಗಿ ಕಾಣುತ್ತದೆ, ನೀನು ಕೈ ತಡೆದು ಕತ್ತಲಾಗಿಯೇ ಬಿಡುತ್ತೀಯ. ಕಿಟಕಿಗೆ ಬಟ್ಟೆ ಕಟ್ಟಿ, ಪರದೆಯ ಬೆಳಕನ್ನು ಸುಮಾರು ಅರ್ಧಕ್ಕೆ ಇಳಿಸಿ, ಹಿಸ್ಟೋಗ್ರಾಮ್ (ಎಡಕ್ಕೆ ಕತ್ತಲು, ಬಲಕ್ಕೆ ಬೆಳಕು ಎಷ್ಟಿದೆ ಎಂದು ತೋರಿಸುವ ನಕ್ಷೆ) ನೋಡುತ್ತ ತಿದ್ದು. ಗುಡ್ಡೆಯೆಲ್ಲ ಎಡಗಡೆಗೇ ಒತ್ತಿಕೊಂಡಿದ್ದರೆ ಚಿತ್ರ ಕತ್ತಲಾಗಿದೆ ಎಂದೇ ಅರ್ಥ, ಕಣ್ಣು ಏನೇ ಹೇಳಲಿ. ಹೊರಗೆ ತೆಗೆಯುವಾಗ ಬಣ್ಣದ ಪ್ರೊಫೈಲ್ (ಬಣ್ಣಗಳನ್ನು ಹೇಗೆ ಓದಬೇಕೆಂದು ಹೇಳುವ ಗುರುತು) ಎಸ್‌ಆರ್‌ಜಿಬಿ ಇರಲಿ. ದೊಡ್ಡ ಪ್ರಿಂಟ್‌ಗೆ ಮೊದಲು 4x6 ಇಂಚು ಅಳತೆಯ ಒಂದು ಪ್ರತಿ ಹಾಕಿಸಿ, ಹಗಲು ಬೆಳಕಿನಲ್ಲಿ ಪರದೆಯ ಪಕ್ಕ ಹಿಡಿದು ನೋಡು. ಆಗಲೂ ಕಪ್ಪಾಗಿದ್ದರೆ ಆ ಪ್ರಿಂಟ್ ಮತ್ತು ನಿನ್ನ ರಾ ಕಡತ ಎರಡನ್ನೂ ಕಳಿಸು, ನಾನೇ ತೆರೆದು ನೋಡುತ್ತೇನೆ.