ಸಹಾಯ ಬೇಕು: ಮೊಣಕೈ ಬಳಿ ಕೂತ ರಕ್ತದ ಹೆಪ್ಪಿಗೆ ತೊಡೆಯಿಂದ ಹೋಗುವುದೋ, ತೋಳಿನಿಂದಲೋ?

ಕ್ಯಾತ್‌ಲ್ಯಾಬ್‌ನವರು, ವ್ಯಾಸ್ಕುಲರ್ (ರಕ್ತನಾಳ) ಸರ್ಜನ್‌ರು ದಯವಿಟ್ಟು ತಿಳಿಸಿ. ಏಟ್ರಿಯಲ್ ಫಿಬ್ರಿಲೇಶನ್‌ನಿಂದಾಗಿ (ಹೃದಯ ಬಡಿತ ತಾಳ ತಪ್ಪುವ ತೊಂದರೆ) ಹೃದಯದಿಂದ ಬಂದ ಹೆಪ್ಪು ಬ್ರೇಕಿಯಲ್ ಅಪಧಮನಿ (ತೋಳಿನ ಮುಖ್ಯ ರಕ್ತನಾಳ) ಕವಲೊಡೆಯುವಲ್ಲಿ ಸಿಕ್ಕಿಕೊಂಡು, ಬೆರಳ ತುದಿ ಸ್ವಲ್ಪ ಜೋಮು ಹಿಡಿದಿದ್ದರೂ ಕೈಯ ಬಲ ಕುಂದಿಲ್ಲದಿದ್ದರೆ (ರಕ್ತ ನಿಂತ ಕೈಕಾಲಿನ ಅಪಾಯ ಅಳೆಯುವ ರುದರ್‌ಫೋರ್ಡ್ ಶ್ರೇಣಿಯಲ್ಲಿ 2ಎ), ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ) ಕೊಟ್ಟು ಸಕ್ಷನ್ (ನಾಳದೊಳಗೆ ಕ್ಯಾತಿಟರ್ ಎಂಬ ಸಣ್ಣ ಕೊಳವೆ ತೂರಿಸಿ ಹೆಪ್ಪನ್ನು ಹೀರುವುದು) ಮಾಡಬಹುದು. ಬಲ ಕುಂದಿದ್ದರೆ ಚರ್ಚೆ ಬೇಡ, ತಡಮಾಡದೆ ಫೋಗಾರ್ಟಿಯೇ (ನಾಳ ತೆರೆದು ಬಲೂನ್ ಕ್ಯಾತಿಟರ್‌ನಿಂದ ಹೆಪ್ಪು ಎಳೆದು ತೆಗೆಯುವ ಶಸ್ತ್ರಚಿಕಿತ್ಸೆ) ಸರಿ.

ಸಕ್ಷನ್‌ಗೆ ತೊಡೆಯ ಅಪಧಮನಿಯಿಂದ ಹೋದರೆ ವೈರು ಮಹಾಪಧಮನಿಯ ಕಮಾನನ್ನೂ ಮಿದುಳಿಗೆ ಹೋಗುವ ವರ್ಟಿಬ್ರಲ್ ಅಪಧಮನಿಯ ಬಾಯಿಯನ್ನೂ ದಾಟಬೇಕು, ಸ್ಟ್ರೋಕ್ ಭಯ. ಬ್ರೇಕಿಯಲ್‌ಗೇ ಚುಚ್ಚಿದರೆ ದಾರಿ ಹತ್ತಿರ, ಆದರೆ ಹೊರಗೆ ರಕ್ತ ಸೋರಿ ಕಟ್ಟಿಕೊಂಡರೆ ಪಕ್ಕದಲ್ಲೇ ಇರುವ, ಕೈಗೆ ಹೋಗುವ ಮೀಡಿಯನ್ ನರವನ್ನು ಒತ್ತುತ್ತದೆ. ನೀವು ಯಾವುದನ್ನು ಆರಿಸುತ್ತೀರಿ?

ಇನ್ನೊಂದು: 6 ಫ್ರೆಂಚ್ (ಸುಮಾರು 2 ಮಿ.ಮೀ. ದಪ್ಪದ) ಕ್ಯಾತಿಟರ್ ಬ್ರೇಕಿಯಲ್‌ಗೆ ಸಾಕು, ಅದನ್ನೇ ರೇಡಿಯಲ್‌ಗೆ (ಮುಂಗೈಯ ಹೆಬ್ಬೆರಳ ಬದಿಯ ಅಪಧಮನಿ) ಇಳಿಸಿದರೆ ನಾಳ ಸೆಟೆದುಕೊಳ್ಳುತ್ತದೆ. ಅಲ್ಲಿಗೆ ಜಾರಿದ ಚೂರಿಗೆ ನಾಳ ಸಡಿಲಿಸುವ ನೈಟ್ರೋಗ್ಲಿಸರಿನ್ 100–200 ಮೈಕ್ರೋಗ್ರಾಂ ಕೊಟ್ಟು ಸಣ್ಣ ಕ್ಯಾತಿಟರ್ ಹಾಕುವುದೋ, ಹೆಪ್ಪು ಕರಗಿಸುವ ಆಲ್ಟಿಪ್ಲೇಸ್ ಗಂಟೆಗೆ 0.5–1 ಮಿ.ಗ್ರಾಂ ಬಿಡುವುದೋ?